ಹಳೇ ಸೈಕಲ್ಲಿನ ಬಿಗಿದುಕೊಂಡ ಶಾಕ್: ಬದಲಿಸುವುದೋ, ಬಿಚ್ಚಿ ಸರಿಮಾಡುವುದೋ?

ಪ್ರಶ್ನೆ: 2011ರಲ್ಲಿ ಕೊಂಡ 26 ಇಂಚಿನ ಮೌಂಟನ್ ಬೈಕ್ ನನ್ನದು. ಮುಂದೆ ರಾಕ್‌ಶಾಕ್ಸ್ ರೆಕಾನ್ ಸೋಲೋ ಏರ್ ಫೋರ್ಕ್ (ಒಳಗೆ ಗಾಳಿ ತುಂಬುವ ಶಾಕ್) ಇದೆ, 100 ಮಿ.ಮೀ. ಟ್ರಾವೆಲ್ (ಫೋರ್ಕ್ ಕುಸಿಯಬಹುದಾದ ದೂರ). ಐದು ವರ್ಷ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಿಂತಿತ್ತು. ಈಗ ಭಾನುವಾರಗಳಲ್ಲಿ ತುರಹಳ್ಳಿ ಕಡೆ ಹೋಗಲು ಶುರುಮಾಡಿದ್ದೇನೆ. ಸಣ್ಣಪುಟ್ಟ ಕಲ್ಲಿಗೆ ಶಾಕ್ ಅಲುಗುವುದೇ ಇಲ್ಲ, ದೊಡ್ಡ ಗುಂಡಿಗೆ ಧಡ್ ಎಂದು ಒಮ್ಮೆಲೇ ಕುಸಿಯುತ್ತದೆ. ಎಡಗಡೆ ಕೊಳವೆಯ ಸುತ್ತ ಎಣ್ಣೆಯ ಗೆರೆ ಕಾಣುತ್ತದೆ. "ಇದಕ್ಕೆ ಪಾರ್ಟ್ಸ್ ಬರಲ್ಲ, ಹೊಸ ಫೋರ್ಕ್ ಹಾಕ್ಸಿ" ಎಂದರು ಅಂಗಡಿಯವರು. ಮನೆಯಲ್ಲೇ ಸರ್ವಿಸ್ ಮಾಡಬಹುದೇ? ಯಾವ ಎಣ್ಣೆ, ಎಷ್ಟು? ಅಣ್ಣನ ಮಗನ ಸೈಕಲ್ಲಿನಲ್ಲಿ ಸನ್‌ಟೂರ್ ಎಕ್ಸ್‌ಸಿಟಿ ಇದೆ, ಅದಕ್ಕೂ ಇದೇ ಕ್ರಮವೇ?
ಓದುಗರು, ರಾಜರಾಜೇಶ್ವರಿನಗರ, ಬೆಂಗಳೂರು

ಉತ್ತರ: ಹೊಸ ಫೋರ್ಕ್ ಮಾತು ಸದ್ಯಕ್ಕೆ ಬೇಡ. ನೀವು ಹೇಳಿದ ಲಕ್ಷಣಗಳಲ್ಲಿ ಫೋರ್ಕ್ ಕೆಟ್ಟಿದೆ ಎನ್ನುವುದಕ್ಕೆ ಸಾಕ್ಷಿ ಒಂದೂ ಇಲ್ಲ. ಒಣಗಿದೆ, ಗಾಳಿ ಇಳಿದಿದೆ ಎನ್ನುವುದಕ್ಕೆ ಮಾತ್ರ ಎಲ್ಲವೂ ಇವೆ. ಈ ಫೋರ್ಕಿನ ಕೆಳಗಿನ ಕಾಲುಗಳಲ್ಲಿ, ಅಂದರೆ ಲೋವರ್‌ಗಳಲ್ಲಿ, ಒಂದೊಂದರಲ್ಲೂ ಇರುವ ಎಣ್ಣೆ ಬರೀ 15 ಮಿ.ಲೀ. ಸೈಕಲ್ ಓಡುವಾಗ ಅದು ಮೇಲಕ್ಕೆ ಚಿಮ್ಮಿ, ಒಳಕೊಳವೆ ಜಾರುವ ಬಳೆಗಳಾದ ಬುಷ್‌ಗಳನ್ನೂ ಸೀಲ್ ಕೆಳಗಿನ ಫೋಮ್ ರಿಂಗನ್ನೂ ನೆನೆಸುತ್ತಿರುತ್ತದೆ. ಐದು ವರ್ಷ ಅಲುಗಾಡದೆ ನಿಂತರೆ ಎಣ್ಣೆಯೆಲ್ಲ ತಳಕ್ಕಿಳಿಯುತ್ತದೆ, ಫೋಮ್ ಒಣಗುತ್ತದೆ, ಸೀಲಿನ ತುಟಿ ಒಳಕೊಳವೆಗೆ ಅಂಟಿಕೊಳ್ಳುತ್ತದೆ. ಆ ಅಂಟು ಬಿಡಿಸುವಷ್ಟು ಏಟು ಸಣ್ಣ ಕಲ್ಲಿನಿಂದ ಸಿಗುವುದಿಲ್ಲ. ದೊಡ್ಡ ಗುಂಡಿಯಲ್ಲಿ ಅಂಟು ಬಿಟ್ಟ ತಕ್ಷಣ, ಒಳಗೆ ಗಾಳಿ ಕಡಿಮೆ ಇರುವುದರಿಂದ ತಡೆಯುವವರಿಲ್ಲದೆ ಕುಸಿಯುತ್ತದೆ.

ಇನ್ನೊಂದು ಕಾರಣಕ್ಕೂ ಹಳೆಯದನ್ನೇ ಉಳಿಸಿಕೊಳ್ಳಿ ಎನ್ನುತ್ತೇನೆ. ನಿಮ್ಮ ಸೈಕಲ್ಲಿನದು ಮೇಲಿಂದ ಕೆಳಗೆ ಒಂದೇ ದಪ್ಪದ 28.6 ಮಿ.ಮೀ. ಸ್ಟೀರರ್ (ಫ್ರೇಮಿನೊಳಗೆ ಹೋಗುವ ಫೋರ್ಕಿನ ಮೇಲಿನ ಕೊಳವೆ), 9 ಮಿ.ಮೀ. ಕ್ವಿಕ್ ರಿಲೀಸ್, 100 ಮಿ.ಮೀ. ಅಗಲದ ಹಬ್ ಇರಬೇಕು. ಆ ಕಾಲದ 26 ಇಂಚಿನ ಸೈಕಲ್‌ಗಳಲ್ಲಿ ಹೆಚ್ಚಿನವು ಹಾಗೇ. ಇವತ್ತು ಬರುವ ಒಳ್ಳೆಯ ಫೋರ್ಕ್‌ಗಳು 27.5 ಅಥವಾ 29 ಇಂಚಿನ ಚಕ್ರಕ್ಕೆ, ಕೆಳಗೆ ದಪ್ಪವಾಗುವ ಸ್ಟೀರರ್ ಇಟ್ಟುಕೊಂಡು, 15 ಮಿ.ಮೀ. ಆಕ್ಸಲ್‌ನೊಂದಿಗೆ ಬರುತ್ತವೆ. ಅದನ್ನು ಕೂರಿಸಲು ಹೋದರೆ ಚಕ್ರ, ಹಬ್, ಹೆಡ್‌ಸೆಟ್ (ಹ್ಯಾಂಡಲ್ ಬುಡದ ಬೇರಿಂಗ್‌ಗಳು) ಎಲ್ಲವೂ ಸಾಲಾಗಿ ಬದಲಾಗಬೇಕು. ಕಡೆಗೆ ಫ್ರೇಮೇ ಒಪ್ಪುವುದಿಲ್ಲ. ಅಳತೆಗೆ ಸರಿಹೋಗುವಂಥದ್ದು ಸಿಕ್ಕರೂ ಅದು ನಿಮ್ಮ ರೆಕಾನ್‌ಗಿಂತ ಕೆಳದರ್ಜೆಯ ಸ್ಪ್ರಿಂಗ್ ಫೋರ್ಕ್ ಆಗಿರುವ ಸಂಭವವೇ ಹೆಚ್ಚು. ಪಾರ್ಟ್ಸ್ ಬರುವುದಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಸವೆಯುವ ಭಾಗಗಳಾದ 32 ಮಿ.ಮೀ. ವೈಪರ್ ಸೀಲ್ (ಧೂಳು ತಡೆಯುವ ಮೇಲಿನ ಸೀಲ್), ಫೋಮ್ ರಿಂಗ್, ಕ್ರಶ್ ವಾಷರ್ (ತಳದ ಬೋಲ್ಟಿನ ವಾಷರ್) ಇಂದಿಗೂ ಕಿಟ್ ಆಗಿ ಸಿಗುತ್ತವೆ. ಅಂಗಡಿಯಲ್ಲಿ ಇಲ್ಲದಿದ್ದರೆ ಆನ್‌ಲೈನಿನಲ್ಲಿ ತರಿಸಬೇಕು, ಅಷ್ಟೆ.

ಆದರೆ ಕಿಟ್‌ಗೆ ದುಡ್ಡು ಹಾಕುವ ಮೊದಲು ಒಳಕೊಳವೆ, ಅಂದರೆ ಸ್ಟ್ಯಾಂಶನ್, ಏನು ಸ್ಥಿತಿಯಲ್ಲಿದೆ ನೋಡಿ. ಈ ಫೋರ್ಕ್ ಉಳಿಯುತ್ತದೋ ಇಲ್ಲವೋ ಎಂಬುದನ್ನು ಮುಖ್ಯವಾಗಿ ತೀರ್ಮಾನಿಸುವುದು ಅದೇ. ಸೀಲ್, ಎಣ್ಣೆ, ವಾಷರ್ ಎಲ್ಲ ಬದಲಿಸಬಹುದು. ಕೊಳವೆಯ ಮೇಲ್ಮೈ ಹೋದರೆ ಹೋಯಿತು.

ಹಗಲು ಬೆಳಕಿನಲ್ಲಿ ಕೊಳವೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಆಯಸ್ಕಾಂತವೊಂದನ್ನು ಮುಟ್ಟಿಸಿ. ಹಿಡಿದುಕೊಂಡರೆ ಉಕ್ಕಿನ ಕೊಳವೆ, ಮೇಲೆ ಕ್ರೋಮ್. ಜಾರಿಬಿದ್ದರೆ ಅಲ್ಯೂಮಿನಿಯಂ, ಮೇಲೆ ಅನೋಡೈಸಿಂಗ್. ರೆಕಾನ್ ಎರಡೂ ಬಗೆಯಲ್ಲಿ ಬಂದಿದೆ. ಉಕ್ಕಿನದಾದರೆ ಶತ್ರು ತುಕ್ಕು: ಬೇಸ್‌ಮೆಂಟಿನ ತೇವಕ್ಕೆ ಸೀಲಿನ ಸ್ವಲ್ಪ ಮೇಲೆ ಸೂಜಿಮೊನೆಯಷ್ಟು ಕಂದು ಚುಕ್ಕೆಗಳು ಎದ್ದಿರಬಹುದು. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಮುದುಡಿ, ನೀರಿನಲ್ಲಿ ಅದ್ದಿ, ಮೆಲ್ಲಗೆ ಉಜ್ಜಿದರೆ ಮೇಲ್ಪದರದ ತುಕ್ಕು ಹೋಗುತ್ತದೆ. ಅಲ್ಯೂಮಿನಿಯಂ ಕ್ರೋಮ್‌ಗಿಂತ ಮೆತ್ತಗಿರುವುದರಿಂದ ಗೀರು ಬೀಳುವುದಿಲ್ಲ. ಅಲ್ಯೂಮಿನಿಯಂ ಕೊಳವೆಯಾದರೆ ಬಣ್ಣ ಮಾಸಿ ಬೆಳ್ಳಗೆ ಹೊಳೆಯುವ ಪಟ್ಟೆ ಇದೆಯೇ ಎಂದು ಹುಡುಕಿ, ಹಿಂಭಾಗವನ್ನೂ ಬಿಡಬೇಡಿ. ಅಂಥ ಪಟ್ಟೆ ಅಂದರೆ ಗಟ್ಟಿ ಪದರ ಸವೆದು ಹೋಗಿದೆ ಎಂದರ್ಥ. ಸೀಲ್ ಎಷ್ಟೇ ಹೊಸದಾದರೂ ಅಲ್ಲಿ ಎಣ್ಣೆ ನಿಲ್ಲುವುದು ಕಷ್ಟ.

ಆಮೇಲೆ ಹೆಬ್ಬೆರಳಿನ ಉಗುರನ್ನು ಮೇಲಿಂದ ಕೆಳಕ್ಕೆ ನಿಧಾನವಾಗಿ ಎಳೆಯಿರಿ. ಕಣ್ಣಿಗೆ ಕಂಡು ಉಗುರಿಗೆ ಸಿಗದ ಗೀರಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಉಗುರು ತಡೆದು ನಿಂತರೆ, ಅದು ಸೀಲ್ ಓಡಾಡುವ 100 ಮಿ.ಮೀ. ಒಳಗಿದೆಯೇ ನೋಡಿ. ಅದಕ್ಕಿಂತ ಮೇಲಿದ್ದರೆ ತೊಂದರೆಯಿಲ್ಲ. ಒಳಗಿದ್ದರೆ ಎದ್ದುನಿಂತ ಅಂಚನ್ನಷ್ಟೇ 2000 ನಂಬರಿನ ಎಮರಿ ಕಾಗದ ಒದ್ದೆ ಮಾಡಿ ತಗ್ಗಿಸಿ, ಸ್ಪಿರಿಟ್ಟಿನಲ್ಲಿ ಒರೆಸಿ, ಗುಳಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ತೆಳುವಾಗಿ ತುಂಬಿ, ಪೂರ್ತಿ ಒಣಗಿದ ಮೇಲೆ ಅದೇ ಕಾಗದದಲ್ಲಿ ಸಮ ಮಾಡಿ. ಎಮರಿ ಗೀರಿನ ಮೇಲೆ ಮಾತ್ರ ಓಡಬೇಕು. ಇಡೀ ಕೊಳವೆ ಫಳಫಳ ಅನ್ನಲಿ ಎಂದು ಉಜ್ಜಿದರೆ ಇದ್ದ ಪದರವನ್ನೂ ಕೈಯಾರೆ ಕಳೆದಂತೆ.

ಬುಷ್ ಪರೀಕ್ಷೆ ಎರಡು ನಿಮಿಷದ ಕೆಲಸ. ಮುಂದಿನ ಬ್ರೇಕ್ ಹಿಡಿದು, ಇನ್ನೊಂದು ಕೈಬೆರಳನ್ನು ಸೀಲು ಮತ್ತು ಕೊಳವೆ ಸೇರುವಲ್ಲಿ ಇಟ್ಟು, ಸೈಕಲ್ಲನ್ನು ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸಿ. ಬೆರಳಿನ ಕೆಳಗೆ ಟಕ್ ಟಕ್ ಅಂದರೆ ಬುಷ್ ಸವೆದಿದೆ. ಹ್ಯಾಂಡಲ್ ಬುಡದಲ್ಲಿ ಅಂದರೆ ಅದು ಹೆಡ್‌ಸೆಟ್ಟಿನ ಲೂಸು, ಬಿಗಿಮಾಡಿದರೆ ಸರಿಹೋಗುತ್ತದೆ. ಎರಡೂ ಬೆರೆತು ಗೊತ್ತಾಗದಿದ್ದರೆ ಹ್ಯಾಂಡಲ್ಲನ್ನು 90 ಡಿಗ್ರಿ ತಿರುಗಿಸಿ ಮತ್ತೆ ಅಲ್ಲಾಡಿಸಿ. ಆಗಲೂ ಟಕ್ ಅಂದರೆ ಹೆಡ್‌ಸೆಟ್ಟಿನದು, ನಿಂತರೆ ಬುಷ್ಷಿನದು. ಹಳೆಯ ಫೋರ್ಕಿನಲ್ಲಿ ಕೂದಲೆಳೆಯಷ್ಟು ಪ್ಲೇ ಇರುವುದು ಸಹಜ. ಆದರೆ ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಲಟಲಟ ಸದ್ದು ಕೇಳುವಷ್ಟಿದ್ದರೆ ಅಲ್ಲೇ ನಿಲ್ಲಿಸಿ. ಬುಷ್ ಬದಲಿಸಲು ಎಳೆಯುವ ಉಪಕರಣ ಬೇಕು, ಹೊಸದನ್ನು ಅಳತೆಗೆ ತರುವ ಉಪಕರಣ ಬೇರೆ ಬೇಕು. ಮೂಗಿಗಿಂತ ಮೂಗುತಿ ಭಾರ ಎಂಬಂತಾಗುತ್ತದೆ.

ಇವೆರಡೂ ಪಾಸಾದರೆ ಸಾಮಾನು ಕೂಡಿಸಿ. 5 ಮಿ.ಮೀ. ಅಲೆನ್ ಕೀ, ಪ್ಲಾಸ್ಟಿಕ್ ಅಥವಾ ರಬ್ಬರ್ ಸುತ್ತಿಗೆ, ಗೇಜ್ ಇರುವ ಶಾಕ್ ಪಂಪ್ ಬೇಕು. ಟಯರ್ ಪಂಪ್ ನಡೆಯುವುದಿಲ್ಲ. ಒಳಗಿನ ಜಾಗ ತೀರ ಚಿಕ್ಕದಾದ್ದರಿಂದ ಒಂದು ಹೊಡೆತಕ್ಕೆ ಒತ್ತಡ ಎಲ್ಲೋ ಏರುತ್ತದೆ, ತೆಗೆಯುವಾಗ ಎಲ್ಲ ಹೊರಗೆ ಬರುತ್ತದೆ. ಮೆಡಿಕಲ್ ಶಾಪಿನಲ್ಲಿ 20 ಮಿ.ಲೀ. ಸಿರಿಂಜ್ ತಗೊಳ್ಳಿ, ಸೂಜಿ ಬೇಡ. ತೊಳೆಯಲು 99 ಪರ್ಸೆಂಟಿನ ಐಸೋಪ್ರೊಪೈಲ್ ಆಲ್ಕೋಹಾಲ್ ಬೇಕು, ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಐಪಿಎ ಅಂದರೆ ಕೊಡುತ್ತಾರೆ. ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್ ಬೇಡವೇ ಬೇಡ, ರಬ್ಬರ್ ಊದಿಕೊಳ್ಳುತ್ತದೆ. ನೂಲು ಬಿಡದ ಹಳೇ ಬನಿಯನ್ ಬಟ್ಟೆ, ಅದನ್ನು ಸುತ್ತಿ ಕೊಳವೆಯೊಳಗೆ ತೂರಿಸಲು ಒಂದು ಮರದ ಕೋಲು, ಎರಡು ಸ್ಟೀಲ್ ಲೋಟ.

ಎಣ್ಣೆಯ ವಿಷಯದಲ್ಲಿ ಗೊಂದಲ ಬಹಳ. ನಿಮ್ಮ ಫೋರ್ಕಿನಲ್ಲಿ ಎಣ್ಣೆಗೆ ಎರಡು ಬೇರೆ ಕೆಲಸಗಳಿವೆ. ಬಲಗಾಲಿನ ಒಳಕೊಳವೆಯೊಳಗಿನ ಎಣ್ಣೆ ಡ್ಯಾಂಪರಿನದು. ಸಣ್ಣ ತೂತುಗಳಲ್ಲಿ ನುಸುಳಿ ವೇಗ ತಗ್ಗಿಸುವುದು ಅದರ ಕೆಲಸ, ಹಾಗಾಗಿ ಅಲ್ಲಿ ತೆಳುವಾದ 5 ವೇಟ್ (ಎಣ್ಣೆ ಎಷ್ಟು ಗಟ್ಟಿ ಎನ್ನುವ ಅಂಕಿ) ಎಣ್ಣೆಯೇ ಆಗಬೇಕು. ಲೋವರ್‌ಗಳಲ್ಲಿರುವುದು ಜಾರಿಕೆಗೆ ಮಾತ್ರ. ಅಲ್ಲಿ 15 ವೇಟ್, ಕಾಲಿಗೆ 15 ಮಿ.ಲೀ., ಒಟ್ಟು 30 ಮಿ.ಲೀ. ಜೆ.ಸಿ. ರಸ್ತೆಯ ಬೈಕ್ ಬಿಡಿಭಾಗದ ಅಂಗಡಿಗಳಲ್ಲಿ ಸಿಗುವ ಮೋಟರ್‌ಸೈಕಲ್ ಫೋರ್ಕ್ ಆಯಿಲ್ 15 ವೇಟ್ ಆಗಿದ್ದರೆ ಲೋವರಿಗೆ ಧಾರಾಳವಾಗಿ ಹಾಕಿ. ರಾಕ್‌ಶಾಕ್ಸ್‌ನವರೇ ನಂತರದ ಹಲವು ಮಾದರಿಗಳ ಲೋವರಿಗೆ 0ಡಬ್ಲ್ಯೂ-30 ಎಣ್ಣೆ ಹೇಳಿದ್ದಾರೆ, ಅದೂ ಆಗುತ್ತದೆ. ಡ್ಯಾಂಪರಿಗೆ ಮಾತ್ರ ಈ ಧಾರಾಳ ಸಲ್ಲದು. ವೇಟ್ ಎನ್ನುವ ಅಂಕಿ ಕಂಪನಿಯಿಂದ ಕಂಪನಿಗೆ ಬೇರೆ. ಒಬ್ಬರ 5 ಇನ್ನೊಬ್ಬರ 7ರಷ್ಟು ಗಟ್ಟಿ ಇರಬಹುದು, 40 ಡಿಗ್ರಿಯ ಸ್ನಿಗ್ಧತೆಯ ಅಂಕಿಯನ್ನು ಹೋಲಿಸಿಯೇ ಕೊಳ್ಳಬೇಕು. ಬ್ರೇಕ್ ಆಯಿಲ್ ಎಲ್ಲಿಯೂ ಹಾಕಬೇಡಿ, ಸೀಲ್ ಹಾಳಾಗುತ್ತದೆ.

"ಬೈಕಿನ ಫೋರ್ಕ್ ಸೀಲೇ ಹಾಕಬಹುದಲ್ಲ, 32 ಮಿ.ಮೀ. ಇದೆಯಲ್ಲ" ಎಂದು ಯಾರಾದರೂ ಹೇಳಿದರೆ ಬೇಡ ಎನ್ನಿ. ನೂರೈವತ್ತು ಕೆ.ಜಿ. ಬೈಕಿಗೆ ಮಾಡಿದ ಸೀಲಿನ ತುಟಿ ಗಡುಸು. ಸೈಕಲ್ಲಿನ ಹಗುರ ಭಾರಕ್ಕೆ ಅದು ಬ್ರೇಕಿನಂತೆ ಹಿಡಿಯುತ್ತದೆ. ಹೊರ ಅಳತೆಯೂ ಹೊಂದುವುದಿಲ್ಲ. ಗ್ರೀಸ್ ಕೂಡ ಹಾಗೇ: ಬೇರಿಂಗಿಗೆ ಹಾಕುವ ಗಟ್ಟಿ ಲಿಥಿಯಂ ಗ್ರೀಸ್ ಬೇಡ, ಬೆಣ್ಣೆಯಂತೆ ಮೃದುವಾದ ಫೋರ್ಕ್ ಗ್ರೀಸ್ ಕೇಳಿ. ಸ್ಲಿಕೋಲಿಯಂ, ಸ್ರ್ಯಾಮ್ ಬಟರ್ ಅಂಥವು.

ಇನ್ನು ಬಿಚ್ಚುವ ಕೆಲಸ. ಫೋರ್ಕನ್ನು ಸೈಕಲ್ಲಿನಿಂದ ಪೂರ್ತಿ ಇಳಿಸಿಕೊಂಡರೆ ಎಲ್ಲವೂ ಸುಲಭ. ಮುಂದಿನ ಚಕ್ರ ತೆಗೆದು ಮನೆಯ ಇನ್ನೊಂದು ಮೂಲೆಯಲ್ಲಿಡಿ. ಡಿಸ್ಕಿಗೆ ಒಂದು ಹನಿ ಎಣ್ಣೆ ತಾಗಿದರೂ ಬ್ರೇಕ್ ಕಿರುಚುತ್ತದೆ, ಹಿಡಿಯುವುದಿಲ್ಲ. ಬ್ರೇಕ್ ಕ್ಯಾಲಿಪರ್ ಬಿಚ್ಚಿ, ಪ್ಯಾಡುಗಳ ನಡುವೆ ರಟ್ಟಿನ ತುಂಡು ಸಿಕ್ಕಿಸಿ, ಇಡೀ ಕ್ಯಾಲಿಪರನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಫ್ರೇಮಿಗೆ ತೂಗುಹಾಕಿ. ಸ್ಟೆಮ್ ಕಳಚುವ ಮೊದಲು ಸ್ಪೇಸರ್, ಬೇರಿಂಗ್‌ಗಳು ಯಾವ ಕ್ರಮದಲ್ಲಿ ಕೂತಿವೆ ಎಂದು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ.

ಗಾಳಿ ತೆಗೆಯದೆ ಯಾವ ಬೋಲ್ಟಿಗೂ ಕೈ ಹಾಕಬೇಡಿ. ಮೊದಲು ಎಡಗಾಲಿನ ಮೇಲ್ತುದಿಯ ಮುಚ್ಚಳ ಬಿಚ್ಚಿ, ವಾಲ್ವಿಗೆ ಪಂಪ್ ಹಾಕಿ ಈಗಿರುವ ಒತ್ತಡ ಬರೆದಿಟ್ಟುಕೊಳ್ಳಿ. ನಂತರ ಪಂಪ್ ತೆಗೆದು, ವಾಲ್ವಿನ ಪಿನ್ ನಿಧಾನವಾಗಿ ಒತ್ತುತ್ತಾ, ನಡುನಡುವೆ ಫೋರ್ಕನ್ನು ಒಂದೆರಡು ಸಲ ಅದುಮಿ ಬಿಡಿ. ಸೋಲೋ ಏರ್‌ನಲ್ಲಿ ಪಿಸ್ಟನ್ನಿನ ಮೇಲೂ ಕೆಳಗೂ ಗಾಳಿ ಇರುತ್ತದೆ. ಒಂದೇ ಸಲ ಮೇಲಿನದನ್ನಷ್ಟೇ ಬಿಟ್ಟರೆ ಕೆಳಗಿನ ಗಾಳಿ ಫೋರ್ಕನ್ನು ಒಳಕ್ಕೆ ಎಳೆದು ಹಿಡಿದುಬಿಡುತ್ತದೆ. ಬಲಗಾಲಿನ ತಳದಲ್ಲಿರುವ ಕೆಂಪು ರಿಬೌಂಡ್ ಗುಬುಟು (ಕುಸಿದ ಫೋರ್ಕ್ ಮೇಲೇಳುವ ವೇಗ ಹೊಂದಿಸುವಂಥದ್ದು) ಎಷ್ಟು ಕ್ಲಿಕ್ಕಿನಲ್ಲಿದೆ ಎಂದು ಎಣಿಸಿಕೊಂಡು ಹೊರಗೆಳೆಯಿರಿ. ಕೆಲವದರಲ್ಲಿ ಅದನ್ನು ಪುಟ್ಟ ಅಲೆನ್ ಸ್ಕ್ರೂ ಹಿಡಿದಿರುತ್ತದೆ.

ಈಗ ತಳದ ಎರಡೂ ಬೋಲ್ಟ್‌ಗಳನ್ನು ಮೂರರಿಂದ ನಾಲ್ಕು ಸುತ್ತು ಮಾತ್ರ ಸಡಿಲಿಸಿ, ಪೂರ್ತಿ ತೆಗೆಯಬೇಡಿ. ಅಲೆನ್ ಕೀಯನ್ನು ಬೋಲ್ಟಿನಲ್ಲೇ ಬಿಟ್ಟು ಅದರ ತಲೆಯ ಮೇಲೆ ಸುತ್ತಿಗೆಯಿಂದ ಒಂದು ಖಚಿತ ಏಟು ಕೊಡಿ. ಒಳಗಿನ ದಂಡದ ತುದಿ ಲೋವರಿನ ತಳಕ್ಕೆ ಬಿಗಿಯಾಗಿ ಕಚ್ಚಿಕೊಂಡಿರುತ್ತದೆ, ಏಟಿಗೆ ಬಿಡಿಸಿಕೊಂಡು ಬೋಲ್ಟ್ ತಲೆ ಒಳಕ್ಕೆ ಹೋದದ್ದು ಕೈಗೇ ತಿಳಿಯುತ್ತದೆ. ಬೋಲ್ಟನ್ನು ಪೂರ್ತಿ ತೆಗೆದು ಹೊಡೆದರೆ ಏಟು ದಂಡದ ಎಳೆಗಳಿಗೇ (ಥ್ರೆಡ್) ಬೀಳುತ್ತದೆ. ಸಡಿಲಿಸುವಾಗ ದಂಡವೂ ಜೊತೆಗೆ ಸುತ್ತುತ್ತಿದ್ದರೆ ಗಾಳಿ ಕಾಲಿಗೆ 20-30 ಪಿಎಸ್‌ಐ ತುಂಬಿ, ಫೋರ್ಕನ್ನು ಅದುಮಿ ಹಿಡಿದು ಬೋಲ್ಟ್ ತಿರುಗಿಸಿ. ಒತ್ತಡಕ್ಕೆ ದಂಡದ ಬುಡ ಲೋವರಿಗೆ ಅಂಟಿ ನಿಲ್ಲುತ್ತದೆ. ಸಡಿಲವಾದ ಮೇಲೆ ಆ ಗಾಳಿಯನ್ನೂ ತೆಗೆಯುವುದು ಮರೆಯಬೇಡಿ.

ಕಾಲುಗಳ ಕೆಳಗೆ ಒಂದೊಂದು ಸ್ಟೀಲ್ ಲೋಟ ಇಟ್ಟು ಬೋಲ್ಟ್ ತೆಗೆಯಿರಿ. ಎರಡೂ ಕಡೆಯ ಎಣ್ಣೆ ಬೆರೆಯಕೂಡದು. ಲೋವರಿನ ಎರಡು ಕಾಲನ್ನೂ ಹಿಡಿದು ನೇರಕ್ಕೆ ಎಳೆದರೆ ಬರುತ್ತದೆ. ಬರದಿದ್ದರೆ ಬೋಲ್ಟ್ ಮತ್ತೆ ಕೆಲವು ಸುತ್ತು ಹಾಕಿ ಇನ್ನೊಂದು ಏಟು ಕೊಡಿ. ಎರಡು ಕಾಲನ್ನೂ ಸೇರಿಸುವ ಕಮಾನಿಗೆ ಹೊಡೆಯಬೇಡಿ. ಲೋವರ್ ಮೆಗ್ನೀಶಿಯಂ ಎರಕ, ಬಾಗುವ ಬದಲು ಬಿರಿಯುವ ಜಾತಿ.

ಲೋಟಗಳಲ್ಲಿ ಬಿದ್ದ ಎಣ್ಣೆಯನ್ನು ಚೆಲ್ಲುವ ಮೊದಲು ಕಿಟಕಿ ಬಳಿ ಹಿಡಿದು ನೋಡಿ, ಸಿರಿಂಜಿನಲ್ಲಿ ಎಳೆದು ಅಳೆಯಿರಿ. ಫೋರ್ಕಿನ ಜಾತಕ ಅದರಲ್ಲಿದೆ. ಹಾಲು ಬೆರೆಸಿದ ಕಾಫಿ ಬಣ್ಣವಿದ್ದರೆ ನೀರು ನುಗ್ಗಿದೆ. ಕಪ್ಪಗಿದ್ದು ಬೆಳಕಿಗೆ ಬೂದು ಮಿಂಚು ಹೊಳೆದರೆ ಲೋಹ ಸವೆಯುತ್ತಿದೆ, ಬುಷ್ ಮತ್ತು ಕೊಳವೆಯನ್ನು ಇನ್ನೊಮ್ಮೆ ಪರೀಕ್ಷಿಸಿ. ಕೆಂಪಗೆ ಮರಳುಮರಳಾಗಿದ್ದರೆ ನಮ್ಮ ಟ್ರೇಲ್‌ಗಳ ಧೂಳು ವೈಪರ್ ದಾಟಿದೆ. ಎರಡು ಲೋಟದಲ್ಲೂ ನಾಲ್ಕೈದು ಹನಿಯಷ್ಟೇ ಇದ್ದರೆ ನಿಮ್ಮ ರೋಗ ಇಲ್ಲೇ ಸಿಕ್ಕಿತು, ಒಣಗಿ ಓಡುತ್ತಿತ್ತು. ಗಮನಿಸಬೇಕಾದ್ದು ಬಲಗಡೆಯ ಲೋಟ. ಅದರಲ್ಲಿ 15 ಮಿ.ಲೀ.ಗಿಂತ ತುಂಬ ಹೆಚ್ಚು, ನಲವತ್ತೋ ಐವತ್ತೋ ಬಂದು, ಎಣ್ಣೆ ತೆಳ್ಳಗಿದ್ದರೆ, ಡ್ಯಾಂಪರಿನ ಕೆಳಸೀಲ್ ಸೋರಿ ಮೇಲಿನ ಎಣ್ಣೆ ಕೆಳಗಿಳಿದಿದೆ. ಆಗ ಬರೀ ಲೋವರ್ ಸರ್ವಿಸಿನಿಂದ ಮುಗಿಯುವುದಿಲ್ಲ.

ಸೀಲ್ ತೆಗೆಯಲು ಲೋವರಿನ ಬಾಯಿಯ ಮೇಲೆ ದಪ್ಪ ಬಟ್ಟೆ ಹಾಕಿ, ದೊಡ್ಡ ಸ್ಪ್ಯಾನರಿನ ತುದಿಯನ್ನು ವೈಪರಿನ ಒಳತುಟಿಗೆ ಕೊಟ್ಟು ಮೀಟಿ. ಸ್ಕ್ರೂಡ್ರೈವರ್ ಬೇಡ, ಕೂರುವ ಗೂಡಿಗೆ ಗೀರಾದರೆ ಹೊಸ ಸೀಲಿನ ಹೊರಸುತ್ತಿನಿಂದಲೇ ಎಣ್ಣೆ ಜಿನುಗುತ್ತದೆ. ವೈಪರ್ ಕೆಳಗೆ ಫೋಮ್ ರಿಂಗ್ ಇರಬಹುದು, ಇನ್ನೊಂದು ಆಯಿಲ್ ಸೀಲ್ ಇರಬಹುದು, ತಯಾರಾದ ವರ್ಷದ ಮೇಲೆ ಹೋಗುತ್ತದೆ. ಏನೇನು ಹೊರಬಂತೋ ಅದಕ್ಕೆ ಹೊಂದುವ ಕಿಟ್ಟನ್ನೇ ತರಿಸಿ. ಹಾಗಾಗಿ ಕಿಟ್ ಆರ್ಡರ್ ಮಾಡುವಾಗ ಮಾದರಿ, ವರ್ಷ, ಕೊಳವೆಯ ದಪ್ಪ ಮೂರನ್ನೂ ನಮೂದಿಸಿ.

ಕೋಲಿಗೆ ಬಟ್ಟೆ ಸುತ್ತಿ, ಐಪಿಎಯಲ್ಲಿ ಅದ್ದಿ, ಲೋವರಿನ ಎರಡೂ ಕಾಲನ್ನು ತಳದವರೆಗೆ ತಿಕ್ಕಿ. ಬಟ್ಟೆ ಬೆಳ್ಳಗೆ ಹೊರಬರುವವರೆಗೆ ಬದಲಿಸುತ್ತಿರಿ, ಇಲ್ಲಿ ಸೋಮಾರಿತನ ಮಾಡಿದರೆ ಹಳೆಯ ಮರಳು ಹೊಸ ಎಣ್ಣೆಯೊಂದಿಗೆ ಅರೆಯುತ್ತದೆ. ಟಾರ್ಚ್ ಹಾಕಿ ಬುಷ್ ನೋಡಿ. ಒಳಮೈ ಒಂದೇ ಸಮ ಮಾಸಲಾಗಿದ್ದರೆ ಚೆನ್ನಾಗಿದೆ, ಹಿತ್ತಾಳೆಯಂತೆ ಹೊಳೆಯುವ ಕಡೆ ಮೇಲ್ಪದರ ಹೋಗಿದೆ.

ಹೊಸ ಫೋಮ್ ರಿಂಗನ್ನು ಎಣ್ಣೆಯಲ್ಲಿ ಹತ್ತು ನಿಮಿಷ ನೆನೆಹಾಕಿ, ಎಣ್ಣೆ ತೊಟ್ಟಿಕ್ಕುವ ಸ್ಥಿತಿಯಲ್ಲೇ ಗೂಡಿನಲ್ಲಿಡಿ. ವೈಪರಿನ ಮೇಲ್ತುಟಿಯ ಸುತ್ತ ಕೂದಲಿನಂಥ ತೆಳು ಸ್ಪ್ರಿಂಗ್ ಬಳೆಯೊಂದಿರುತ್ತದೆ. ಬಡಿದು ಕೂರಿಸುವಾಗ ಅದು ಹಾರಿಹೋಗಿ ಸೋಫಾದಡಿ ಸೇರುವ ವಸ್ತು, ಮೊದಲೇ ತೆಗೆದಿಟ್ಟು ಆಮೇಲೆ ಹಾಕಿ. ಸೀಲ್ ಒತ್ತಲು ಹಾರ್ಡ್‌ವೇರ್ ಅಂಗಡಿಗೆ ಹಳೇ ಸೀಲನ್ನೇ ಕೊಂಡೊಯ್ದು, ಅದರ ಹೊರಅಂಚಿನ ಮೇಲಷ್ಟೇ ಕೂರುವ ಪಿವಿಸಿ ಪೈಪಿನ ತುಂಡು ಕತ್ತರಿಸಿಕೊಂಡು ಬನ್ನಿ. ಓರೆಯಾಗದಂತೆ ಸುತ್ತಲೂ ಸ್ವಲ್ಪಸ್ವಲ್ಪವೇ ತಟ್ಟಿ ಇಳಿಸಿ. ತುಟಿಗಳ ನಡುವಿನ ಸಂದಿಗೆ ತೆಳ್ಳಗೆ ಫೋರ್ಕ್ ಗ್ರೀಸ್ ಸವರಿ.

ಲೋವರ್ ಏರಿಸುವಾಗ ಅವಸರ ಬೇಡ. ಮೊದಲು ಒಳಗಿನ ಎರಡು ದಂಡಗಳನ್ನೂ ಪೂರ್ತಿ ಹೊರಗೆಳೆದಿಡಿ. ಕೊಳವೆಗಳಿಗೆ ಎಣ್ಣೆ ಸವರಿ, ಲೋವರನ್ನು ತುಸು ಅಲ್ಲಾಡಿಸುತ್ತಾ, ಎರಡೂ ತುಟಿ ಒಳಕ್ಕೆ ಮಡಚಿಕೊಳ್ಳದಂತೆ ನೋಡಿಕೊಂಡು ತೂರಿಸಿ. ಮೇಲಿನ ಬುಷ್ ದಾಟಿ ಕೆಳಗಿನ ಬುಷ್ ಹಿಡಿದುಕೊಂಡ ಕೂಡಲೇ ನಿಲ್ಲಿಸಿ. ಈಗ ಫೋರ್ಕನ್ನು ತಲೆಕೆಳಗಾಗಿ, ತುಸು ಓರೆಯಾಗಿ ಹಿಡಿದರೆ ತಳದ ಬೋಲ್ಟ್ ತೂತು ಮೇಲೆ ಬರುತ್ತದೆ. ದಂಡದ ತುದಿ ತೂತಿನಿಂದ ಇನ್ನೂ ಕೆಳಗೇ ಇರಬೇಕು. ಸಿರಿಂಜಿನ ಮೂತಿಯನ್ನು ಪಕ್ಕಕ್ಕೆ ಓರೆಯಾಗಿಟ್ಟು ಎಣ್ಣೆ ದಂಡದೊಳಗೆ ಹೋಗದಂತೆ ಕಾಲಿಗೆ 15 ಮಿ.ಲೀ. ಬಿಡಿ. ಇನ್ನೂ ಹಾಕಿದರೆ ಇನ್ನೂ ಜಾರುತ್ತದೆ ಎಂಬುದು ತಪ್ಪು ಲೆಕ್ಕ. ಹೆಚ್ಚಿನ ಎಣ್ಣೆ ಲೋವರಿನೊಳಗಿನ ಗಾಳಿಯ ಜಾಗ ತಿನ್ನುತ್ತದೆ, ಫೋರ್ಕ್ ಪೂರ್ತಿ ಕುಸಿಯಲು ಬಿಡುವುದಿಲ್ಲ, ಸೀಲನ್ನು ಒಳಗಿನಿಂದ ತಳ್ಳುತ್ತದೆ.

ಲೋವರನ್ನು ಪೂರ್ತಿ ಒತ್ತಿದಾಗ ದಂಡದ ಎಳೆಗಳು ತೂತಿನಲ್ಲಿ ಕಾಣಬೇಕು. ಎಡಗಡೆ ಕಾಣದಿದ್ದರೆ ಗಾಳಿ ದಂಡ ಒಳಕ್ಕೆ ಸರಿದಿದೆ, ವಾಲ್ವಿಗೆ 10 ಪಿಎಸ್‌ಐ ಕೊಟ್ಟರೆ ತಾನೇ ಹೊರಬರುತ್ತದೆ. ಹೊಸ ಕ್ರಶ್ ವಾಷರ್ ಹಾಕಿ ಬೋಲ್ಟ್ ಬಿಗಿಮಾಡಿ. ಇಲ್ಲಿನ ಬಿಗಿತ 7.3 ನ್ಯೂಟನ್ ಮೀಟರ್. ಟಾರ್ಕ್ ರೆಂಚ್ ಇಲ್ಲದಿದ್ದರೆ ಊರಿಗೆ ಹೋಗುವಾಗ ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಸಾಕು. ಅಲೆನ್ ಕೀಯ ಉದ್ದ ತೋಳಿನಲ್ಲಿ ಬೋಲ್ಟಿನಿಂದ ಸರಿಯಾಗಿ 10 ಸೆಂ.ಮೀ. ದೂರಕ್ಕೆ ಕೊಕ್ಕೆ ಸಿಕ್ಕಿಸಿ, ಕೀಗೆ ಲಂಬವಾಗಿ ಎಳೆಯಿರಿ. ಮುಳ್ಳು ಏಳೂವರೆ ಕೆ.ಜಿ. ತೋರಿಸಿದಾಗ ನಿಲ್ಲಿಸಿ. ಬ್ರೇಕ್ ಕ್ಯಾಲಿಪರಿನ ಬೋಲ್ಟ್ 6ರಿಂದ 8 ನ್ಯೂಟನ್ ಮೀಟರ್, ಇದೇ ವಿಧಾನ. ಅದು ಕೂರುವುದು ಮೆಗ್ನೀಶಿಯಂ ಎಳೆಗಳಲ್ಲಿ, ಒಂದು ಸಲ ಕಿತ್ತರೆ ಲೋವರೇ ಹೋಯಿತು.

ಗಾಳಿಯ ಅಂದಾಜು ಲೋವರಿನ ಹಿಂಭಾಗದ ಸ್ಟಿಕರಿನಲ್ಲಿ ದೇಹದ ತೂಕಕ್ಕೆ ತಕ್ಕಂತೆ ಇರುತ್ತದೆ. ಅಳಿಸಿಹೋಗಿದ್ದರೂ ಚಿಂತೆಯಿಲ್ಲ, ಸ್ಯಾಗ್, ಅಂದರೆ ನಿಮ್ಮ ಭಾರಕ್ಕೆ ಫೋರ್ಕ್ ಎಷ್ಟು ಕುಸಿಯುತ್ತದೆ ಎಂಬುದನ್ನು, ಅಳೆದು ಹೊಂದಿಸಿ. ಕೊಳವೆಗೆ ತೆಳುವಾದ ಕೇಬಲ್ ಟೈ ಕಟ್ಟಿ ಸೀಲಿನವರೆಗೆ ಇಳಿಸಿ. ಹೆಲ್ಮೆಟ್, ನೀರಿನ ಚೀಲ ಸಮೇತ ಸೈಕಲ್ ಏರಿ, ಪೆಡಲಿನ ಮೇಲೆ ನಿಂತು, ಪುಟಿಯದೆ ಇಳಿಯಿರಿ. ಟೈ 20ರಿಂದ 25 ಮಿ.ಮೀ. ಮೇಲೇರಿದ್ದರೆ ಸರಿ. ಗಾಳಿಯನ್ನು ಒಂದೇ ಉಸಿರಿಗೆ ತುಂಬದೆ, 40-50 ಪಿಎಸ್‌ಐಗೊಮ್ಮೆ ಫೋರ್ಕನ್ನು ಹತ್ತು ಸಲ ಅದುಮಿ, ಕೆಳಕೋಣೆಗೂ ಗಾಳಿ ಹೋಗಲು ಬಿಡಿ. ಪಂಪ್ ಬಿಚ್ಚುವಾಗ ಬರುವ ಬುಸ್ ಸದ್ದು ಪಂಪಿನ ಪೈಪಿನ ಗಾಳಿಯದು. ಮತ್ತೆ ಹಾಕಿ ನೋಡಿದಾಗ ಮುಳ್ಳು ಕಡಿಮೆ ತೋರಿಸುವುದೂ ಪೈಪ್ ತುಂಬಲು ಫೋರ್ಕಿನ ಗಾಳಿ ಹೋಗುವುದರಿಂದ. ಸೋರುತ್ತಿದೆ ಎಂದುಕೊಂಡು ಫೋರ್ಕ್ ಬಿಚ್ಚಿದವರಿದ್ದಾರೆ.

ರಿಬೌಂಡ್ ಗುಬುಟನ್ನು ಮೊದಲಿದ್ದ ಕ್ಲಿಕ್ಕಿಗೇ ತನ್ನಿ. ಮೊಲದ ಚಿತ್ರದ ಕಡೆ ತಿರುಗಿಸಿದರೆ ವೇಗ, ಆಮೆಯ ಕಡೆ ನಿಧಾನ. ಅದುಮಿ ಬಿಟ್ಟಾಗ ಮುಂದಿನ ಚಕ್ರ ನೆಲ ಬಿಟ್ಟು ಜಿಗಿದರೆ ಆಮೆಯ ಕಡೆ ಒಂದೆರಡು ಕ್ಲಿಕ್ ಸರಿಸಿ.

ಇಷ್ಟಾದ ಮೇಲೂ ಒಂದೆರಡು ದಿನಕ್ಕೆ ಗಾಳಿ ಇಳಿದರೆ ಮೊದಲು ವಾಲ್ವಿಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಬಂದರೆ ಒಳಗಿನ ಪಿನ್ ಸಡಿಲವಾಗಿದೆ. ಸ್ಕೂಟರ್ ಟಯರಿನ ವಾಲ್ವ್ ಪಿನ್ನೂ ಇದೂ ಒಂದೇ ಜಾತಿ, ಯಾವುದೇ ಪಂಕ್ಚರ್ ಅಂಗಡಿಯಲ್ಲಿ ಬಿಗಿಮಾಡಿಸಬಹುದು, ಬದಲಿಸಲೂಬಹುದು. ಗುಳ್ಳೆ ಇಲ್ಲದೆಯೂ ಇಳಿದರೆ ಪಿಸ್ಟನ್ನಿನ ಓ-ರಿಂಗ್ ಹೋಗಿದೆ, ಅದಕ್ಕೆ ಮೇಲಿನ ಕ್ಯಾಪ್ ಮತ್ತು ತಳದ ಸರ್ಕ್ಲಿಪ್ (ಹಿಡಿದಿಡುವ ಸ್ಪ್ರಿಂಗ್ ಉಂಗುರ) ತೆಗೆಯಬೇಕು. ಕ್ಯಾಪಿಗೆ 24 ಮಿ.ಮೀ. ಸಾಕೆಟ್, ಬಾಯಂಚು ಚಪ್ಪಟೆಯಾಗಿರುವಂಥದ್ದು. ಮಾಮೂಲಿ ಸಾಕೆಟ್ಟಿನ ಇಳಿಜಾರು ಅಂಚು ತೆಳ್ಳಗಿನ ಆ ಕ್ಯಾಪನ್ನು ಜಾರಿ ಕೆರೆಯುತ್ತದೆ. ಬಲಗಡೆ ಲಾಕ್ಔಟ್ (ಫೋರ್ಕ್ ಕುಸಿಯದಂತೆ ತಡೆಯುವ ವ್ಯವಸ್ಥೆ) ಹಿಡಿಯದಿದ್ದರೆ ಅಥವಾ ರಿಬೌಂಡ್ ಎಷ್ಟು ತಿರುಗಿಸಿದರೂ ವ್ಯತ್ಯಾಸ ಕಾಣದಿದ್ದರೆ ಮಾತ್ರ ಡ್ಯಾಂಪರಿಗೆ ಕೈ ಹಾಕಿ. ಅದರ ಎಣ್ಣೆಯ ಅಳತೆ ಮಾದರಿ, ವರ್ಷದ ಮೇಲೆ ಬದಲಾಗುತ್ತದೆ. ಹೊರಬಂದಷ್ಟನ್ನೇ ಅಳೆದು ಹಾಕಿದರೆ ಸೋರಿಹೋದದ್ದು ಲೆಕ್ಕಕ್ಕೆ ಬರುವುದಿಲ್ಲ, ನಿಮ್ಮ ವರ್ಷದ ಸರ್ವಿಸ್ ಕೈಪಿಡಿಯ ಅಂಕಿಯನ್ನೇ ಹಿಡಿಯಿರಿ.

ಮೊದಲ ರೈಡ್ ಮುಗಿಸಿ ಬಂದಾಗ ಎರಡೂ ಕೊಳವೆಯ ಸುತ್ತ ತೆಳುವಾದ ಎಣ್ಣೆ ಗೆರೆ ಇರುತ್ತದೆ. ಗಾಬರಿಯಾಗಬೇಡಿ, ಒರೆಸಿ. ಎರಡು ಮೂರು ರೈಡ್ ಆದ ಮೇಲೂ ಹನಿಯಾಗಿ ಇಳಿಯುತ್ತಿದ್ದರೆ ಮಾತ್ರ ಸೀಲ್ ಓರೆಯಾಗಿದೆಯೇ, ತುಟಿ ಮಡಚಿದೆಯೇ ನೋಡಬೇಕು. ತಳದ ಬೋಲ್ಟ್ ಬಳಿ ಒದ್ದೆಯಾಗಿದ್ದರೆ ವಾಷರ್ ಸರಿ ಕೂತಿಲ್ಲ. ಲೋವರ್ ಸರ್ವಿಸಿನ ಅವಧಿ 50 ಗಂಟೆ ಓಟ. ವಾರಕ್ಕೆ ನಾಲ್ಕು ಗಂಟೆ ಓಡಿಸಿದರೆ ಮೂರು ತಿಂಗಳು. ಬೇಸಿಗೆಯ ಕೆಂಪು ಧೂಳು ಏಳುವ ಮುನ್ನ ಒಮ್ಮೆ, ಮಳೆಗಾಲ ಕಳೆದ ಮೇಲೆ ಒಮ್ಮೆ ಅಂತೂ ಆಗಲೇಬೇಕು. ದಯವಿಟ್ಟು ಸ್ಕೂಟರ್ ವಾಟರ್ ಸರ್ವಿಸಿಗೆ ಸೈಕಲ್ ಕೊಡಬೇಡಿ. ಜೆಟ್ ನೀರು ಸೀಲಿನ ತುಟಿ ಎತ್ತಿ ಒಳಗೆ ಹೋಗುತ್ತದೆ, ಹೊರಬರಲು ದಾರಿಯಿಲ್ಲ. ಬಕೆಟ್ ನೀರು, ಬಟ್ಟೆ ಸಾಕು. ಸೀಲಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವ ಅಭ್ಯಾಸವೂ ಬೇಡ. ಹೊಡೆದ ಕ್ಷಣ ಜಾರುತ್ತದೆ ನಿಜ, ಆದರೆ ಅದು ಒಳಗಿನ ಗ್ರೀಸ್ ಕರಗಿಸಿ ಧೂಳನ್ನು ಒಳಕ್ಕೆ ಹರಿಸುತ್ತದೆ. ಲೋಟದಲ್ಲಿರುವ ಹಳೇ ಎಣ್ಣೆಯನ್ನು ಮೋರಿಗೆ ಸುರಿಯದೆ ಹತ್ತಿರದ ಬೈಕ್ ಗ್ಯಾರೇಜಿನವರ ವೇಸ್ಟ್ ಆಯಿಲ್ ಡಬ್ಬಕ್ಕೆ ಹಾಕಿ.

ನಿಮ್ಮ ಅಣ್ಣನ ಮಗನ ಎಕ್ಸ್‌ಸಿಟಿ ಬೇರೆಯೇ ಜಾತಿ. ಅದು ಗ್ರೀಸಿನ ಮೇಲೆ ಓಡುವ ಸ್ಪ್ರಿಂಗ್ ಫೋರ್ಕ್. ಮೇಲಿರುವುದು ಧೂಳು ತಡೆಯುವ ರಬ್ಬರ್ ಮಾತ್ರ, ಎಣ್ಣೆ ಹಿಡಿದಿಡುವ ಸೀಲಲ್ಲ. ರೆಕಾನ್‌ಗೆ ಹಾಕಿದಂತೆ 15 ಮಿ.ಲೀ. ಹಾಕಿದರೆ ತಳದಿಂದ ಸೋರಿ ಬ್ರೇಕಿಗೆ ತಾಗುತ್ತದೆ. ಎಡಗಡೆಯ ಪ್ರೀಲೋಡ್ ಗುಬುಟನ್ನು (ಸ್ಪ್ರಿಂಗ್ ಬಿಗಿಮಾಡುವಂಥದ್ದು) ಕಡಿಮೆಗೆ ತಿರುಗಿಸಿ, ಕ್ಯಾಪ್ ಬಿಚ್ಚಿ ಸ್ಪ್ರಿಂಗ್ ತೆಗೆಯಿರಿ. ತಳದಲ್ಲಿ ಕೆಲವಕ್ಕೆ ಅಲೆನ್ ಬೋಲ್ಟ್, ಕೆಲವಕ್ಕೆ ಗುಳಿಯೊಳಗೆ ನಟ್ ಇರುತ್ತದೆ. ನಟ್ಟಿಗೆ ತೆಳ್ಳನೆ ಗೋಡೆಯ ಉದ್ದ ಸಾಕೆಟ್ ಬೇಕಾಗುತ್ತದೆ. ಲೋವರ್ ಇಳಿಸಿ, ಕಪ್ಪಾದ ಹಳೇ ಗ್ರೀಸ್ ಪೂರ್ತಿ ಒರೆಸಿ, ಪ್ಲಾಸ್ಟಿಕ್ ಬುಷ್‌ಗಳಿಗೂ ಧೂಳು ರಬ್ಬರಿನ ಒಳಸುತ್ತಿಗೂ ಮೃದು ಗ್ರೀಸ್ ಧಾರಾಳವಾಗಿ ಹಚ್ಚಿ. ಸ್ಪ್ರಿಂಗಿಗೆ ಸುತ್ತಲೂ ಸವರಿದರೆ ಕಟಕಟ ಸದ್ದೂ ನಿಲ್ಲುತ್ತದೆ, ತುಕ್ಕೂ ಹಿಡಿಯುವುದಿಲ್ಲ. ಕ್ಯಾಪಿನ ಎಳೆಗಳು ತೀರ ಸಣ್ಣ, ಓರೆಯಾಗಿ ಹತ್ತಿದರೆ ಹಾಳಾಗುತ್ತವೆ. ಸ್ಪ್ರಿಂಗನ್ನು ಅದುಮಿ ಹಿಡಿದು ಮೊದಲ ಮೂರು ಸುತ್ತು ಕೈಯಲ್ಲೇ ಹೋಗಲಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ.